ನೊರೆ ನೀರು ಎಲ್ಲಿಗೆ ಹೋಯಿತು? ಬೋರ್ ಪಕ್ಕ ಬೆಂಕಿ ಆರಿಸುವ ಫೋಮ್ ಬಿದ್ದಿದ್ದರೆ ಮಾಡಬೇಕಾದ ಕೆಲಸಗಳು

ಎರಡು ವರ್ಷದ ಹಿಂದೆ ಕೊಪ್ಪಳ ತಾಲೂಕಿನಲ್ಲಿ ನಮ್ಮ ಕಾಕಾನ ಹೊಲದ ಹತ್ತಿರ ಒಂದು ಕಾರ್ಖಾನೆಯವರು ಬೆಂಕಿ ಆರಿಸುವ ತಾಲೀಮು ನಡೆಸಿದರು. ತಗಡಿನ ತೊಟ್ಟಿಯಲ್ಲಿ ಡೀಸೆಲ್ ಸುರಿದು ಬೆಂಕಿ ಹಚ್ಚಿದರು. ಪೈಪಿನಿಂದ ಬಿಳಿ ನೊರೆ ಹಾರಿತು, ಅರಳಿದ ಹತ್ತಿಯ ಹಾಗೆ. ಬೆಂಕಿ ಆರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಲಿಯ ಈಚೆ ನಿಂತಿದ್ದ ಹುಡುಗರು ಹರಿದು ಬಂದ ನೊರೆಯಲ್ಲಿ ಕೈ ಆಡಿಸಿದರು. ಸ್ವಲ್ಪ ಹೊತ್ತಿಗೆ ನೊರೆ ಕರಗಿ ನೀರಾಗಿ ಹಳ್ಳಕ್ಕೆ ಇಳಿಯಿತು. ಹಳ್ಳದ ದಂಡೆಯಲ್ಲೇ ಕಾಕಾನ ಬೋರ್ ಇದೆ.

"ಕಾಕಾ, ಆ ನೀರು ಎಲ್ಲಿಗೆ ಹೋತು ನೋಡಿದೇನು?" ಅಂದೆ.

"ಸೋಪಿನ ನೊರಿ ಇದ್ದಂಗ ಐತಿ ಬಿಡಪಾ. ಹಳ್ಳಕ್ಕ ಹೋತು, ಇನ್ನೆಲ್ಲಿ ಹೋಗ್ತೈತಿ?" ಅಂದ.

ಅದು ಸೋಪಿನ ನೊರೆ ಅಲ್ಲದೇ ಇರಬಹುದು ಎಂಬ ಅನುಮಾನ ನನಗಿತ್ತು. ಅಲ್ಲಿಂದ ಶುರುವಾದ ಓಡಾಟದಲ್ಲಿ ನಾನು ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಗಿಣಿಗೇರಾ, ತೋರಣಗಲ್ಲು, ಶಕ್ತಿನಗರದಂಥ ದೊಡ್ಡ ಕಾರ್ಖಾನೆಗಳ ಆಸುಪಾಸಿನಲ್ಲಿ ಬೋರ್ ನೀರು ಕುಡಿಯುವವರಿಗೆ ಇದು ಉಪಯೋಗಕ್ಕೆ ಬರಬೇಕು. ಅಲ್ಲಿ ಯಾರೋ ತಪ್ಪು ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಎಣ್ಣೆ ದಾಸ್ತಾನು, ದೊಡ್ಡ ಟ್ರಾನ್ಸ್‌ಫಾರ್ಮರ್, ವಿಮಾನ ಇಳಿಯುವ ಜಾಗ ಎಲ್ಲಿರುತ್ತವೋ ಅಲ್ಲಿ ಫೋಮ್ ಇಟ್ಟುಕೊಂಡಿರುತ್ತಾರೆ. ಅಷ್ಟೇ.

ಮೊದಲು, ಇದು ಏನು?

ಪೆಟ್ರೋಲಿಗೆ ಬೆಂಕಿ ಬಿದ್ದರೆ ನೀರು ಹಾಕಿ ಪ್ರಯೋಜನವಿಲ್ಲ. ಪೆಟ್ರೋಲು ನೀರಿನ ಮೇಲೆ ತೇಲುತ್ತದೆ, ಬೆಂಕಿಯೂ ಅದರ ಜೊತೆಗೇ ಹರಡುತ್ತದೆ. ಅದಕ್ಕೇ 1960ರ ದಶಕದಲ್ಲಿ ಅಮೆರಿಕದ ನೌಕಾಪಡೆ ಮತ್ತು 3ಎಂ ಕಂಪನಿ ಸೇರಿ ಹೊಸ ಬಗೆಯ ಫೋಮ್ ತಯಾರಿಸಿದವು. ಅದು ಎಣ್ಣೆಯ ಮೇಲೆ ತೆಳ್ಳನೆ ಪೊರೆಯಂತೆ ಹರಡಿ ಬೆಂಕಿಗೆ ಗಾಳಿ ಸಿಗದ ಹಾಗೆ ಮಾಡುತ್ತದೆ. ಇದರ ಹೆಸರು ಎಎಫ್‌ಎಫ್‌ಎಫ್. 1967ರಲ್ಲಿ ಯುಎಸ್‌ಎಸ್ ಫಾರೆಸ್ಟಲ್ ಎಂಬ ಯುದ್ಧನೌಕೆಗೆ ಬೆಂಕಿ ಬಿದ್ದು 134 ಜನ ಸತ್ತರು. ಆಮೇಲೆ ಈ ಫೋಮ್ ಎಲ್ಲ ಕಡೆ ಬಂತು. ಜೀವ ಉಳಿಸಲು ಮಾಡಿದ ವಸ್ತು ಇದು, ಉಳಿಸಿಯೂ ಇದೆ.

ತೊಂದರೆ ಇರುವುದು ಆ ಪೊರೆ ಕಟ್ಟುವ ರಾಸಾಯನಿಕಗಳಲ್ಲಿ. ಇವನ್ನು ಒಟ್ಟಾಗಿ ಪಿಫಾಸ್ ಎನ್ನುತ್ತಾರೆ. ಪಿಎಫ್‌ಒಎಸ್, ಪಿಎಫ್‌ಒಎ, ಪಿಎಫ್‌ಎಚ್‌ಎಕ್ಸ್‌ಎಸ್ ಎಲ್ಲ ಇದೇ ಮನೆತನದವು. ಇಂಗಾಲಕ್ಕೆ ಫ್ಲೋರಿನ್ ಅಂಟಿಕೊಂಡ ಬಂಧ ಎಷ್ಟು ಗಟ್ಟಿ ಅಂದರೆ ಬಿಸಿಲು, ಮಣ್ಣು, ಸೂಕ್ಷ್ಮಜೀವಿ ಯಾವುದೂ ಅದನ್ನು ಸುಲಭಕ್ಕೆ ಮುರಿಯಲಾರದು. ನೀರಿನ ಜೊತೆ ಭೂಮಿಯೊಳಗೆ ಇಳಿಯುತ್ತದೆ, ನೀರು ಹೋದಲ್ಲಿಗೆ ಹೋಗುತ್ತದೆ. ದೇಹಕ್ಕೆ ಸೇರಿದರೆ ಹೊರಗೆ ಹೋಗಲು ವರ್ಷಗಟ್ಟಲೆ ಬೇಕು. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ.

ಮಿಲಿಟರಿ ನೆಲೆಗಳಲ್ಲಿ ಇದು ಮೊದಲು ಬಯಲಾಗಲು ಕಾರಣ ಯುದ್ಧ ಅಲ್ಲ, ತಾಲೀಮು. ಒಂದೇ ಗುಂಡಿಯಲ್ಲಿ ಎಣ್ಣೆ ಸುಟ್ಟು, ಅದೇ ಬಯಲಿನಲ್ಲಿ ಫೋಮ್ ಹೊಡೆದು, ಹತ್ತಾರು ವರ್ಷ ಅಭ್ಯಾಸ ಮಾಡಿದರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪೀಸ್ ಎಂಬ ಹಳೆಯ ವಾಯುನೆಲೆ ಇದೆ. ನೆಲೆ ಮುಚ್ಚಿದ ಎಷ್ಟೋ ವರ್ಷದ ಮೇಲೆ, 2014ರಲ್ಲಿ, ಅಲ್ಲಿನ ಒಂದು ದೊಡ್ಡ ಬಾವಿಯಲ್ಲಿ ಪಿಎಫ್‌ಒಎಸ್ ಸಿಕ್ಕಿತು. ಅದೇ ನೀರನ್ನು ಅಲ್ಲಿನ ಶಿಶುವಿಹಾರದ ಮಕ್ಕಳೂ ಕುಡಿಯುತ್ತಿದ್ದರು. ಸ್ವೀಡನ್ನಿನ ಕಲ್ಲಿಂಗೆ ಊರಿನಲ್ಲಿ ವಾಯುನೆಲೆಯ ಫೋಮ್ ಊರಿನ ಕುಡಿಯುವ ನೀರಿಗೇ ಸೇರಿತ್ತು. 2013ರ ಕೊನೆಗೆ ಗೊತ್ತಾಗುವ ಹೊತ್ತಿಗೆ ಸಾವಿರಾರು ಜನ ಆ ನೀರು ಕುಡಿದಾಗಿತ್ತು. ಹತ್ತು ವರ್ಷ ಹೋರಾಡಿದ ಮೇಲೆ, 2023ರ ಡಿಸೆಂಬರಿನಲ್ಲಿ, ರಕ್ತದಲ್ಲಿ ಇಷ್ಟೊಂದು ಪಿಫಾಸ್ ಇರುವುದೇ ದೇಹಕ್ಕೆ ಆದ ಹಾನಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಳ್ಳಾರಿಯಲ್ಲಿ ಕಂಟೋನ್ಮೆಂಟ್ ಇದೆಯಲ್ಲ, ಅಲ್ಲಿನ ನೀರು ಹೇಗೆ ಎಂದು ಒಬ್ಬ ಗೆಳೆಯ ಗಾಬರಿಯಿಂದ ಕೇಳಿದ. ಆ ಹೆಸರು ಬ್ರಿಟಿಷರ ಸೈನ್ಯದ ಕಾಲದ್ದು. ಈ ಫೋಮ್ ಆಗಿನ್ನೂ ಹುಟ್ಟಿರಲಿಲ್ಲ. ಹೆಸರು ನೋಡಿ ಹೆದರಬೇಡಿ. ಫೋಮ್ ಎಲ್ಲಿ ಬಿತ್ತು, ಆ ನೀರು ಎಲ್ಲಿಗೆ ಹೋಯಿತು ಎಂಬುದನ್ನು ನೋಡಿ.

ಹೆಜ್ಜೆ 1: ಊರಲ್ಲಿ ಕೇಳಿ, ನೆಲದ ಇಳಿಜಾರು ನೋಡಿ

ಖರ್ಚಿಲ್ಲದ ಕೆಲಸ ಇದು, ಆದರೆ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹತ್ತಿರದಲ್ಲಿ ಎಣ್ಣೆ ಟ್ಯಾಂಕ್, ಏರ್‌ಸ್ಟ್ರಿಪ್, ವಿದ್ಯುತ್ ಸ್ಥಾವರ ಇದೆಯಾ? ಅಲ್ಲಿ ಯಾವಾಗಲಾದರೂ ದೊಡ್ಡ ಬೆಂಕಿ ಬಿದ್ದಿತ್ತಾ? ಟ್ಯಾಂಕರ್ ಪಲ್ಟಿಯಾಗಿ ಫೋಮ್ ಹೊಡೆದಿದ್ದರಾ? ತಾಲೀಮು ಎಷ್ಟು ಸಲ, ಯಾವ ಜಾಗದಲ್ಲಿ? ಗೇಟಿನ ಕಾವಲಿನವರು, ಕೂಲಿಗೆ ಹೋಗುವವರು, ಕುರಿ ಮೇಯಿಸುವವರನ್ನು ಕೇಳಿ. ಕುರಿಗಾರರಿಗೆ ಯಾವ ತಗ್ಗಿನಲ್ಲಿ ಎಂಥ ನೀರು ನಿಲ್ಲುತ್ತದೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ಆಮೇಲೆ ಮಳೆ ಬಂದಾಗ ನೀರು ಎತ್ತ ಹರಿಯುತ್ತದೆ ಎಂದು ಕಾಲಿಂದ ನಡೆದು ನೋಡಿ. ಇಲ್ಲಿ ಒಂದು ತೊಡಕಿದೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರು ಜಿಲ್ಲೆಗಳ ಹೆಚ್ಚಿನ ಭಾಗದಲ್ಲಿ ಕೆಳಗಿರುವುದು ಗಟ್ಟಿ ಬಂಡೆ. ಅಂತರ್ಜಲ ಮರಳಿನಲ್ಲಿ ಇಂಗಿದ ಹಾಗೆ ಸಮವಾಗಿ ಹರಡುವುದಿಲ್ಲ, ಬಂಡೆಯ ಬಿರುಕು ಹಿಡಿದು ಓಡುತ್ತದೆ. ಅದಕ್ಕೇ ಒಂದು ಹೊಲದಲ್ಲಿ ಎರಡಿಂಚು ನೀರು, ಪಕ್ಕದ ಹೊಲದಲ್ಲಿ ಬರೀ ಧೂಳು. ಹೊಲಸು ನೀರೂ ಹಾಗೇ. ಪಕ್ಕದವರ ಬೋರ್ ಚೆನ್ನಾಗಿದೆ ಅಂದರೆ ನಿಮ್ಮದೂ ಚೆನ್ನಾಗಿದೆ ಎಂದಲ್ಲ. ಅವರದು ಕೆಟ್ಟಿದೆ ಅಂದರೆ ನಿಮ್ಮದೂ ಕೆಟ್ಟಿದೆ ಎಂದೂ ಅಲ್ಲ.

ಹಳ್ಳದಲ್ಲಿ ನೊರೆ ಕಂಡ ಕೂಡಲೇ ಪಿಫಾಸ್ ಎನ್ನಬೇಡಿ. ಬಟ್ಟೆ ಸೋಪಿಗೂ ನೊರೆ ಬರುತ್ತದೆ, ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ನೀರಿಗೂ ಬರುತ್ತದೆ. ಎಲೆ, ಕಸ ಕೊಳೆತ ನೀರಲ್ಲಿ ಬರುವ ನೊರೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಪಿಫಾಸ್ ಇರುವ ನೊರೆ ಸಾಮಾನ್ಯವಾಗಿ ಬೆಳ್ಳಗೆ, ಹಗುರಾಗಿ, ಅಂಟಂಟಾಗಿ, ಶೇವಿಂಗ್ ಕ್ರೀಮಿನಂತೆ ದಂಡೆಗೆ ಗುಡ್ಡೆಯಾಗುತ್ತದೆ. ಇದು ಅನುಮಾನಕ್ಕೆ ಸಾಕು, ತೀರ್ಮಾನಕ್ಕೆ ಸಾಲದು. ಮಕ್ಕಳನ್ನು, ದನಗಳನ್ನು ಅಂಥ ನೊರೆಯಿಂದ ದೂರ ಇಡಿ.

ಹೆಜ್ಜೆ 2: ಮೊದಲು ನಮ್ಮೂರಿನ ಹಳೇ ವೈರಿಗಳನ್ನು ಪರೀಕ್ಷಿಸಿ

ಇದನ್ನು ನಾನು ಒತ್ತಿ ಹೇಳುತ್ತೇನೆ. ಪಿಫಾಸ್ ಪರೀಕ್ಷೆಗೆ ಸಾವಿರಗಟ್ಟಲೆ ರೂಪಾಯಿ ಬೇಕು. ಅದಕ್ಕೂ ಮೊದಲು ಫ್ಲೋರೈಡ್, ನೈಟ್ರೇಟ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) ನೋಡಿಸಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಫ್ಲೋರೈಡ್ ಕಾಟ ಹಳೆಯದು. ರಾಯಚೂರು ಜಿಲ್ಲೆಯವರು ಆರ್ಸೆನಿಕ್ ಕೂಡ ಸೇರಿಸಿ ಕೇಳಿ. ಫ್ಲೋರೈಡ್, ಆರ್ಸೆನಿಕ್ ಬಂಡೆಯಿಂದಲೇ ಬರಬಹುದಾದ ವಿಷ, ಯಾವ ಕಾರ್ಖಾನೆಯೂ ಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೂ ಕೊಡಬಹುದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ದಾಟಬಾರದು. ಟಿಡಿಎಸ್ 500, ಬೇರೆ ದಾರಿ ಇಲ್ಲದಿದ್ದರೆ 2000.

ಕಾಕಾನ ಬೋರ್‌ನಲ್ಲಿ ಫ್ಲೋರೈಡೇ 2 ದಾಟಿತ್ತು. ಅಂದರೆ ಫೋಮ್ ವಿಚಾರ ಹಾಗಿರಲಿ, ಆ ನೀರನ್ನು ಕುಡಿಯುವುದು ಅವತ್ತೇ ನಿಲ್ಲಬೇಕಿತ್ತು. ನಿಲ್ಲಿಸಿದೆವು. ಮೂವತ್ತು ವರ್ಷದಿಂದ ಕುಡಿದ ನೀರು ಎಂದು ಕಾಕಾ ಎರಡು ದಿನ ಮುನಿಸಿಕೊಂಡಿದ್ದ.

ಇಲ್ಲಿ ಒಂದು ಎಚ್ಚರ. ಈ ಕಿಟ್ ಆಗಲಿ, ಈ ಮಾಮೂಲಿ ಪರೀಕ್ಷೆ ಆಗಲಿ ಪಿಫಾಸ್ ತೋರಿಸುವುದಿಲ್ಲ. ಐಎಸ್ 10500ರಲ್ಲಿ ಅದರ ಹೆಸರೇ ಇಲ್ಲ. ಹಾಗಾಗಿ "ಕುಡಿಯಲು ಯೋಗ್ಯ" ಎಂಬ ವರದಿ ಬಂದರೆ ಫೋಮ್ ಇಲ್ಲ ಎಂದು ಅರ್ಥ ಅಲ್ಲ.

ಹೆಜ್ಜೆ 3: ಲ್ಯಾಬ್‌ಗೆ ಕೇಳಬೇಕಾದ ಪ್ರಶ್ನೆ

ಹೆಜ್ಜೆ 1ರಲ್ಲಿ ಬಲವಾದ ಕಾರಣ ಸಿಕ್ಕಿದ್ದರೆ ಮಾತ್ರ ಮುಂದೆ ಹೋಗಿ. ಸಾಧ್ಯವಾದರೆ ಹತ್ತು ಮನೆಯವರು ಹಣ ಹಾಕಿ, ಫೋಮ್ ಬಿದ್ದ ಜಾಗಕ್ಕೆ ಹತ್ತಿರದ ಇಳಿಜಾರಿನ ಬೋರ್ ಒಂದನ್ನು ಆರಿಸಿಕೊಳ್ಳಿ. ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರೀಕ್ಷಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಆ ಮಾನ್ಯತೆಯ ಪಟ್ಟಿಯಲ್ಲಿ "ನೀರಿನಲ್ಲಿ ಪಿಫಾಸ್" ಎಂದು ಇದೆಯಾ ನೋಡಿ. ಬೇರೆ ಪರೀಕ್ಷೆಗಳಿಗೆ ಮಾನ್ಯತೆ ಇದ್ದು ಇದಕ್ಕೆ ಇಲ್ಲದೇ ಇರಬಹುದು.

ಆಮೇಲೆ ಮುಖ್ಯ ಪ್ರಶ್ನೆ: "ನಿಮ್ಮ ಯಂತ್ರ ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತದೆ? ಲೀಟರಿಗೆ ಎಷ್ಟು ನ್ಯಾನೋಗ್ರಾಂ?" ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ಅಂದರೆ ನ್ಯಾನೋಗ್ರಾಂ. ಅಮೆರಿಕ 2024ರಲ್ಲಿ ಕುಡಿಯುವ ನೀರಿಗೆ ಹಾಕಿದ ಮಿತಿ ಪಿಎಫ್‌ಒಎಸ್, ಪಿಎಫ್‌ಒಎ ಒಂದೊಂದಕ್ಕೂ ಲೀಟರಿಗೆ 4 ನ್ಯಾನೋಗ್ರಾಂ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ತುಂಗಭದ್ರಾ ಡ್ಯಾಮಿನ ಒಂದು ಟಿಎಂಸಿ ನೀರಿಗೆ ಸುಮಾರು 113 ಗ್ರಾಂ ಬೆರೆಸಿದರೆ ಈ ಮಿತಿ ಮುಟ್ಟುತ್ತದೆ. ಒಂದು ಲೋಟ ಸಕ್ಕರೆಗಿಂತ ಕಡಿಮೆ! ಲ್ಯಾಬ್‌ನ ಯಂತ್ರ 100 ನ್ಯಾನೋಗ್ರಾಂ ಮೇಲಿದ್ದರೆ ಮಾತ್ರ ಹಿಡಿಯುವುದಾದರೆ ಅವರ "ಪತ್ತೆಯಾಗಿಲ್ಲ" ಎಂಬ ಮಾತಿಗೆ ಬೆಲೆ ಇಲ್ಲ. ಆ ದುಡ್ಡು ಸುಮ್ನೆ ಹೋದ ಹಾಗೆ.

ಹೆಜ್ಜೆ 4: ನೀರು ಹಿಡಿಯುವುದು

ನಾನು ಎಡವಿದ್ದು ಇಲ್ಲಿ. ಮೊದಲ ಸಲ ಮನೆಯಲ್ಲಿದ್ದ ಮಿನರಲ್ ವಾಟರ್ ಬಾಟಲಿ ತೊಳೆದು, ಟ್ಯಾಂಕಿನ ನಲ್ಲಿಯಿಂದ ತುಂಬಿಸಿಕೊಂಡು ಹೋದೆ. ಲ್ಯಾಬ್‌ನವರು ವಾಪಸ್ ಕಳಿಸಿದರು. ಅವರು ಮಾಡಿದ್ದು ಸರಿ. ಇಷ್ಟು ಸಣ್ಣ ಪ್ರಮಾಣ ಅಳೆಯುವಾಗ ನಮ್ಮ ಕೈಗೆ ಹಚ್ಚಿದ ಕ್ರೀಮಿನಿಂದಲೂ ಲೆಕ್ಕ ತಪ್ಪಬಹುದು.

ಬಾಟಲಿ ಲ್ಯಾಬ್‌ನಿಂದಲೇ ತರಿಸಿಕೊಳ್ಳಿ. ಅದು ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು. ಗಾಜು ಬೇಡ, ಪಿಫಾಸ್ ಗಾಜಿಗೆ ಅಂಟಿಕೊಳ್ಳುತ್ತದೆ. ಬಾಟಲಿಯೊಳಗೆ ಮೊದಲೇ ಪುಡಿ ಹಾಕಿದ್ದರೆ ಅದನ್ನು ತೊಳೆಯಬೇಡಿ.

ನೀರನ್ನು ಸಿಂಟೆಕ್ಸ್‌ನಿಂದ ಅಲ್ಲ, ಬೋರ್‌ನ ಬಾಯಿಗೆ ಹತ್ತಿರದ ಪೈಪಿನಿಂದ ಹಿಡಿಯಿರಿ. ಕೊಳಾಯಿ ಜೋಡಣೆಗೆ ಪ್ಲಂಬರ್ ಸುತ್ತುವ ಬಿಳಿ ಟೇಪ್ ಇದೆಯಲ್ಲ, ಅದು ಟೆಫ್ಲಾನ್. ಟೆಫ್ಲಾನ್ ಕೂಡ ಇದೇ ಮನೆತನದ ವಸ್ತು. ಟೇಪ್ ಇರುವ ನಲ್ಲಿ ಬಿಟ್ಟು ಬೇರೆ ಬಾಯಿ ನೋಡಿ. ಮೋಟಾರ್ ಹಾಕಿ ಪೈಪಿನಲ್ಲಿ ನಿಂತಿದ್ದ ಹಳೇ ನೀರೆಲ್ಲ ಹೋಗಲಿ. ನಾವು ಕಾಲು ಗಂಟೆ ಬಿಟ್ಟೆವು.

ಅವತ್ತು ಬೆಳಗ್ಗೆ ಕೈಗೆ, ಮುಖಕ್ಕೆ ಕ್ರೀಮು, ಪೌಡರ್ ಹಚ್ಚಬೇಡಿ. ರೇನ್‌ಕೋಟ್ ಬೇಡ, ನೀರು ಅಂಟದ ಬಟ್ಟೆ ಯಾವುದೂ ಬೇಡ. ಹಲವು ಸಲ ಒಗೆದ ಹತ್ತಿ ಬಟ್ಟೆ ಒಳ್ಳೆಯದು. ತಿಂಡಿ ಪ್ಯಾಕೆಟ್ ಮುಟ್ಟಿದ ಕೈಯಲ್ಲಿ ಬಾಟಲಿ ಮುಟ್ಟಬೇಡಿ. ಕೈ ತೊಳೆದು ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಮುಚ್ಚಳವನ್ನು ನೆಲದ ಮೇಲೆ ಇಡಬೇಡಿ, ಒಳಭಾಗ ಮುಟ್ಟಬೇಡಿ.

"ಫೀಲ್ಡ್ ಬ್ಲ್ಯಾಂಕ್" ಎಂಬ ಇನ್ನೊಂದು ಬಾಟಲಿ ಕೇಳಿ ಪಡೆಯಿರಿ. ಲ್ಯಾಬ್‌ನ ಶುದ್ಧ ನೀರನ್ನು ಬೋರ್ ಪಕ್ಕ ನಿಂತು ಖಾಲಿ ಬಾಟಲಿಗೆ ಸುರಿದು ಮುಚ್ಚುವುದು, ಅಷ್ಟೇ ಕೆಲಸ. ಅದರಲ್ಲೂ ಪಿಫಾಸ್ ಬಂದರೆ ತಪ್ಪು ಬೋರ್‌ದಲ್ಲ, ನಮ್ಮ ಕೈಯದು ಎಂದು ಗೊತ್ತಾಗುತ್ತದೆ. ಮುಂದೆ ಯಾರಾದರೂ "ನಿಮ್ಮ ಸ್ಯಾಂಪಲ್ಲೇ ಸರಿ ಇಲ್ಲ" ಎಂದರೆ ನಿಮ್ಮ ಪರವಾಗಿ ಮಾತಾಡುವುದು ಈ ಬಾಟಲಿಯೇ.

ದಿನ, ಸಮಯ, ಜಾಗ ಬರೆದು ಫೋಟೋ ತೆಗೆದಿಡಿ. ಬಾಟಲಿಯನ್ನು ನೀರಿನ ಮಂಜುಗಡ್ಡೆಯಲ್ಲೇ ಇಡಿ, ಜೆಲ್ ಪ್ಯಾಕ್ ಬೇಡ. ನಾವು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದಾಗಲೂ ಐಸ್ ಉಳಿದಿತ್ತು.

ಹೆಜ್ಜೆ 5: ವರದಿ ಓದುವುದು

ಮೊದಲು ಅಳತೆ ನೋಡಿ. ನ್ಯಾನೋಗ್ರಾಮೋ, ಮೈಕ್ರೋಗ್ರಾಮೋ? 1 ಮೈಕ್ರೋಗ್ರಾಂ ಅಂದರೆ 1000 ನ್ಯಾನೋಗ್ರಾಂ. "0.05" ಎಂದು ಸಣ್ಣದಾಗಿ ಕಾಣುವ ಅಂಕಿ ಮೈಕ್ರೋಗ್ರಾಂ ಆಗಿದ್ದರೆ ಅದು 50 ನ್ಯಾನೋಗ್ರಾಂ. ಹೋಲಿಕೆಗೆ ಎರಡು ಅಂಕಿ ಇಟ್ಟುಕೊಳ್ಳಿ. ಒಂದು, ಮೇಲೆ ಹೇಳಿದ ಅಮೆರಿಕದ 4. ಇನ್ನೊಂದು ಯುರೋಪಿನದು, 20 ಬಗೆಯ ಪಿಫಾಸ್ ಕೂಡಿಸಿ ಲೀಟರಿಗೆ 100 ನ್ಯಾನೋಗ್ರಾಂ.

ಯಾವುದು ಎಷ್ಟಿದೆ ಎಂಬುದರಲ್ಲೂ ಸುಳಿವು ಇರುತ್ತದೆ. ಪಿಎಫ್‌ಒಎಸ್ ಮತ್ತು ಪಿಎಫ್‌ಎಚ್‌ಎಕ್ಸ್‌ಎಸ್ ಎರಡೂ ಜೋಡಿಯಾಗಿ ಜಾಸ್ತಿ ಇದ್ದರೆ ಹಳೇ ಫೋಮ್ ಕಡೆ ಬೆರಳು ಹೋಗುತ್ತದೆ. 6:2 ಎಫ್‌ಟಿಎಸ್ ಎಂಬ ಇನ್ನೊಂದು ಪಿಫಾಸ್ ಜಾಸ್ತಿ ಇದ್ದರೆ ಆಮೇಲೆ ಬಂದ ಫೋಮ್ ಇರಬಹುದು. ಪಿಎಫ್‌ಒಎಸ್ ಅನ್ನು ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ 2009ರಲ್ಲಿ, ಪಿಎಫ್‌ಒಎಯನ್ನು 2019ರಲ್ಲಿ, ಪಿಎಫ್‌ಎಚ್‌ಎಕ್ಸ್‌ಎಸ್ ಅನ್ನು 2022ರಲ್ಲಿ ಸೇರಿಸಿದರು. ಫೋಮ್ ಇಟ್ಟುಕೊಂಡವರ ಹತ್ತಿರ ಮಾತಾಡುವಾಗ ಈ ವರ್ಷಗಳು ನೆನಪಿರಲಿ.

ಆರೋಗ್ಯದ ಬಗ್ಗೆ ಹೇಳುವಾಗ ಹೆದರಿಸಬಾರದು, ಮುಚ್ಚಿಡಲೂಬಾರದು. ಪಿಎಫ್‌ಒಎ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಹೇಳಿತು. ಪಿಎಫ್‌ಒಎಸ್ ತರಬಹುದಾದ ವಸ್ತು ಎಂದಿತು. ಹೆಚ್ಚು ಕೊಲೆಸ್ಟರಾಲ್, ಥೈರಾಯ್ಡ್ ತೊಂದರೆ, ಬಸುರಿಯಲ್ಲಿ ಬಿಪಿ ಏರುವುದು, ಮಕ್ಕಳಲ್ಲಿ ಲಸಿಕೆಯ ಬಲ ಕುಗ್ಗುವುದು ಇವುಗಳ ಜೊತೆ ಪಿಫಾಸ್‌ಗೆ ನಂಟು ಕಂಡುಬಂದಿದೆ. ಇವೆಲ್ಲ ವರ್ಷಗಟ್ಟಲೆ ಕುಡಿದವರ ಮಾತು. ಒಂದು ದಿನ ಕುಡಿದರೆ ಏನೋ ಆಗಿಬಿಡುತ್ತದೆ ಎಂದಲ್ಲ. ಬಾಣಂತಿಯರು ಇದನ್ನು ಓದಿ ಮಗುವಿಗೆ ಹಾಲು ಕೊಡುವುದನ್ನು ನಿಲ್ಲಿಸಬೇಡಿ. ನೀವು ಕುಡಿಯುವ ನೀರು ಬದಲಿಸಿ, ಡಾಕ್ಟರ ಹತ್ತಿರ ಮಾತಾಡಿ.

ಹೆಜ್ಜೆ 6: ನೀರು ಕೆಟ್ಟಿದ್ದರೆ ಅವತ್ತಿಂದಲೇ

ಕುದಿಸಬೇಡಿ. ಫ್ಲೋರೈಡ್ ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂದು ನಮ್ಮ ಕಡೆಯವರಿಗೆ ಗೊತ್ತು. ಇದೂ ಹಾಗೇ. ನೀರು ಆವಿಯಾಗುತ್ತದೆ, ವಿಷ ಉಳಿಯುತ್ತದೆ, ಲೆಕ್ಕಕ್ಕೆ ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರ್, ಪಟಿಕ, ಬಟ್ಟೆಯಲ್ಲಿ ಸೋಸುವುದು, ಯುವಿ ಫಿಲ್ಟರ್ ಇವುಗಳಿಂದ ಪ್ರಯೋಜನ ಇಲ್ಲ.

ಕೆಲಸಕ್ಕೆ ಬರುವುದು ಆರ್‌ಒ, ಒಳ್ಳೆಯ ಇದ್ದಿಲಿನ ಫಿಲ್ಟರ್, ಅಯಾನ್ ಎಕ್ಸ್‌ಚೇಂಜ್. ನಮ್ಮೂರುಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ, ಅದೇ ಕಾಯಿನ್ ಹಾಕಿ ಕೊಡ ತುಂಬಿಸುವ ಕಡೆ, ಸಾಮಾನ್ಯವಾಗಿ ಆರ್‌ಒ ಇರುತ್ತದೆ. ಫ್ಲೋರೈಡನ್ನೂ ಅದೇ ತಗ್ಗಿಸುತ್ತದೆ. ಆದರೆ ಅದರೊಳಗಿನ ಮೆಂಬ್ರೇನ್ (ನೀರು ಸೋಸುವ ಪೊರೆ) ಯಾವಾಗ ಬದಲಿಸಿದರು ಎಂದು ಕೇಳಿ. ಹಳೆಯದಾದ ಮೆಂಬ್ರೇನ್ ಇದ್ದೂ ಇಲ್ಲದಂತೆ.

ಘಟಕದಿಂದ ಪೈಪಿನಲ್ಲಿ ಹೊರಗೆ ಬೀಳುವ ವೇಸ್ಟ್ ನೀರನ್ನು ಎಷ್ಟೋ ಊರಲ್ಲಿ ದನದ ತೊಟ್ಟಿಗೆ ಬಿಡುತ್ತಾರೆ. ನೀರು ಉಳಿಯಲಿ ಎಂದು ಹಾಗೆ ಮಾಡುತ್ತಾರೆ. ಆದರೆ ಬೋರ್‌ನಲ್ಲಿ ಪಿಫಾಸ್ ಇದ್ದರೆ ಸೋಸಿ ತೆಗೆದ ವಿಷವೆಲ್ಲ ಆ ತೊಟ್ಟಿಯಲ್ಲಿದೆ. ದನ ಕುಡಿದರೆ ಹಾಲಿಗೆ ಬರುತ್ತದೆ, ಕೋಳಿ ಕುಡಿದರೆ ಮೊಟ್ಟೆಗೆ. ಅದನ್ನು ಸೊಪ್ಪಿನ ಮಡಿಗೂ ಬಿಡಬೇಡಿ.

ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ ಬೋರ್ ನೀರು ಬಳಸಬಹುದು. ಚರ್ಮದ ಮೂಲಕ ಒಳಗೆ ಹೋಗುವುದು ಬಹಳ ಕಡಿಮೆ. ಕುಡಿಯಲು, ಅಡುಗೆಗೆ, ಮಗುವಿನ ಹಾಲಿನ ಪುಡಿ ಕಲಸಲು ಮಾತ್ರ ಒಳ್ಳೆಯ ನೀರು ಮೀಸಲಿಡಿ. ಅನ್ನಕ್ಕೆ, ಬೇಳೆಗೆ, ಚಹಾಕ್ಕೆ ಹಾಕುವ ನೀರನ್ನು ಹೆಣ್ಣುಮಕ್ಕಳೇ ಲೆಕ್ಕ ಹಾಕಿ ಹೇಳಲಿ, ಎಷ್ಟು ಕೊಡ ಬೇಕು ಎಂದು ಅವರಿಗೇ ಸರಿಯಾಗಿ ಗೊತ್ತು.

ಹೆಜ್ಜೆ 7: ಬರೆದು ಕೇಳಿ

ಗ್ರಾಮಸಭೆಯಲ್ಲಿ ಕೂಗಾಡಿದರೆ ಅವತ್ತಿಗೆ ಮುಗಿಯಿತು. ಬರೆದು ಕೊಟ್ಟರೆ ಉತ್ತರ ಬರಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳು ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿವೆ. ಅಲ್ಲಿಗೆ ಒಂದು ದೂರು, ಪಂಚಾಯಿತಿಗೆ ಒಂದು ಪ್ರತಿ, ಜಿಲ್ಲಾಧಿಕಾರಿಗೆ ಒಂದು ಪ್ರತಿ. ಮೂರಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದಕ್ಕೇ "ಮಾಲಿನ್ಯದ ಬಗ್ಗೆ ಎಲ್ಲ ಮಾಹಿತಿ ಕೊಡಿ" ಎಂದು ಬರೆಯಬೇಡಿ. ಹೀಗೆ ಕೇಳಿ: ಇಂಥ ಜಾಗದಲ್ಲಿ ಯಾವ ಬಗೆಯ ಫೋಮ್ ದಾಸ್ತಾನಿದೆ, ಎಷ್ಟು ಲೀಟರ್? ಕಳೆದ ಐದು ವರ್ಷದಲ್ಲಿ ಯಾವ ಯಾವ ದಿನ ಬಳಸಿದ್ದಾರೆ? ಬಳಸಿದ ಮೇಲೆ ನೊರೆ ನೀರನ್ನು ಎಲ್ಲಿ ಹಿಡಿದಿಟ್ಟರು, ಎಲ್ಲಿಗೆ ಕಳಿಸಿದರು? ಖಾಸಗಿ ಕಾರ್ಖಾನೆಗೆ ನೇರವಾಗಿ ಈ ಅರ್ಜಿ ಹಾಕಲು ಬರುವುದಿಲ್ಲ. ಅವರು ಮಂಡಳಿಗೆ ಕೊಟ್ಟ ಕಾಗದಗಳನ್ನು ಮಂಡಳಿಯಿಂದಲೇ ಕೇಳಬಹುದು.

ಕಾರ್ಖಾನೆಯವರ ಹತ್ತಿರ ಕೂತು ಮಾತಾಡುವ ಅವಕಾಶ ಸಿಕ್ಕರೆ ಎರಡೇ ಬೇಡಿಕೆ ಇಡಿ. ತಾಲೀಮಿಗೆ ಫ್ಲೋರಿನ್ ಇಲ್ಲದ ಫೋಮ್ ಬಳಸಿ, ಅದು ಮಾರುಕಟ್ಟೆಯಲ್ಲಿದೆ. ತಾಲೀಮನ್ನು ಕಾಂಕ್ರೀಟ್ ಕಟ್ಟೆಯೊಳಗೆ ಮಾಡಿ, ನೀರು ಒಂದು ಹನಿಯೂ ಹೊರಗೆ ಹೋಗಬಾರದು. ಬೆಂಕಿ ನಿಜವಾಗಿಯೂ ಬಿದ್ದಾಗ ಯಾವ ಫೋಮ್ ಇದೆಯೋ ಅದನ್ನೇ ಹೊಡೆಯಲಿ, ಮನುಷ್ಯರ ಜೀವ ಮೊದಲು.

ನಮ್ಮ ಅಂಗಡಿಯಲ್ಲೂ ಇದೆ

ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯವರು, ರಾಯಚೂರಿನ ಜಿನ್ನಿಂಗ್ ಮಿಲ್‌ನವರು, ಪೆಟ್ರೋಲ್ ಬಂಕ್‌ನವರು ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರಿನ ಚೀಟಿ ಒಮ್ಮೆ ಓದಿ. "ಮೆಕ್ಯಾನಿಕಲ್ ಫೋಮ್, ಎಎಫ್‌ಎಫ್‌ಎಫ್" ಎಂದಿದ್ದರೆ ಇದೇ ಸಂಸಾರದ ವಸ್ತು ಇರುವ ಸಾಧ್ಯತೆ ಹೆಚ್ಚು. ರೀಫಿಲ್ ಮಾಡುವವರು ಹಳೆಯದನ್ನು ಅಂಗಳದ ಚರಂಡಿಗೆ ಹೊಡೆದು ಖಾಲಿ ಮಾಡಲು ಬಿಡಬೇಡಿ. ಕ್ಯಾನ್‌ಗೆ ತುಂಬಿಸಿ ವಾಪಸ್ ಒಯ್ಯಲು ಹೇಳಿ, ಬಿಲ್ಲಿನಲ್ಲಿ ಹಾಗೆಂದು ಬರೆಸಿ. ಹೊಸದು ಕೊಳ್ಳುವಾಗ ಫ್ಲೋರಿನ್ ಇಲ್ಲದ್ದು ಕೇಳಿ.

ಕಾಕಾನ ಬೋರ್‌ನ ಎರಡನೇ ಸ್ಯಾಂಪಲ್‌ನ ವರದಿ ತಿಂಗಳಾದ ಮೇಲೆ ಬಂತು. ಲ್ಯಾಬ್ ಹಿಡಿಯಬಲ್ಲ ಕನಿಷ್ಠ ಮಟ್ಟ 2 ನ್ಯಾನೋಗ್ರಾಂ. ಅದಕ್ಕಿಂತ ಮೇಲೆ ಏನೂ ಸಿಕ್ಕಿಲ್ಲ. ಖುಷಿಯಾಯಿತು. ಆದರೆ ಬಂಡೆಯ ಬಿರುಕಿನಲ್ಲಿ ನೀರು ಬರಲು ವರ್ಷಗಳೇ ಹಿಡಿಯಬಹುದು. ಹಾಗಾಗಿ ಈ ವರದಿ ಬೇರೆ ಕಾರಣಕ್ಕೆ ಮುಖ್ಯ. ನಾಳೆ ಏನಾದರೂ ಕಂಡರೆ, ಮೊದಲು ಇರಲಿಲ್ಲ ಎನ್ನಲು ನಮ್ಮ ಹತ್ತಿರ ಕಾಗದ ಇದೆ. ಕಾಕಾ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹೊಲದ ಪಹಣಿ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾನೆ. ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಅದೇ ಪೈಪಿನಿಂದ ಹಿಡಿಯಬೇಕು ಎಂದು ದಿನ ಗುರುತು ಹಾಕಿದ್ದೇವೆ.